ಚೀಟಿಯಿಲ್ಲದ ಗಂಟು

ನಮ್ಮೂರಿನಿಂದ ಹೊರಗೆ ಹೋಗುವ ಮಾತಿಗೆ ತೂಕವಿದೆ. ಒಳಗೆ ಬರುವ ಮಾತಿಗೆ ಇಲ್ಲ. ಇದು ಯಾವ ಸೀಮೆಯ ನ್ಯಾಯ ಎಂದು ನೀವು ಕೇಳಬಹುದು. ಚಿಕ್ಕವಳಿದ್ದಾಗ ನಾನೂ ಕೇಳಿ ಬೈಸಿಕೊಂಡಿದ್ದೇನೆ. ಸಂದೇಶ ಕಚೇರಿಯ ಕಿಟಕಿಯಿಂದ ಹೊರಟ ಒಂದೇ ಒಂದು ತಂತಿ ಚೌಕದ ಮೇಲೆ ಹಾದು, ಹೊಳೆ ದಾಟಿ ಆಚೆ ದಂಡೆಗೆ ಹೋಗುತ್ತದೆ. ಇಲ್ಲಿಂದ ಮಾತು ಹೊರಟಿತೆಂದರೆ ತಂತಿ ಜೋತು ಬೀಳುತ್ತದೆ. ಶಾಲೆಯವರು ಪರೀಕ್ಷೆಯ ಅಂಕ ಕಳಿಸುವ ದಿನ ಚೌಕದ ಬಾಳೆಹಣ್ಣಿನವರು ಕೊಡೆ ಮಡಚಿಟ್ಟು ಬಿಸಿಲಲ್ಲೇ ಕೂರುತ್ತಾರೆ. ಮದುವೆಯ ಮೆರವಣಿಗೆ ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗುತ್ತದೆ. ಕುದುರೆಯ ಮೇಲೆ ಕೂತ ಮದುಮಗನ ಬಾಸಿಂಗ ಹಿಂದೊಮ್ಮೆ ತಂತಿಗೆ ಸಿಕ್ಕಿ ಆದ ಅವಾಂತರವನ್ನು ಊರು ಇನ್ನೂ ಮರೆತಿಲ್ಲ. ತಂತಿ ಹೊಳೆಯ ನೀರು ಮುಟ್ಟಿತೋ, ಮಾತು ಹೊಳೆಯ ಪಾಲು. ಆಚೆಯವರಿಗೆ ಈ ರಗಳೆ ಯಾವುದೂ ಇಲ್ಲ. ಅವರು ಒಂದು 'ಆಗಲಿ' ಅನ್ನುವುದಕ್ಕೆ ಎರಡು ಪುಟ ಬರೆದು, ಮೇಲೆ ಲಾಂಛನ, ಕೆಳಗೆ ಶುಭಾಶಯ ಸೇರಿಸಿ ಕಳಿಸುತ್ತಾರೆ. ತಂತಿ ಅಲುಗಾಡುವುದೂ ಇಲ್ಲ. ಇಲ್ಲಿ ತಾಯಂದಿರು ಮಗಳಿಗೆ ಹೇಳಬೇಕಾದದ್ದನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡು 'ಅರಾಮ' ಅಂತಷ್ಟೇ ಕಳಿಸಿ ಮನೆಗೆ ಹೋಗುತ್ತಾರೆ.

ನಾನು ನೀಲಾಂಬಿಕೆ, ಊರಿನ ಬಾಯಲ್ಲಿ ನೀಲವ್ವ. ಸಂದೇಶ ಕಚೇರಿಯ ಕಂಪ್ಯೂಟರಿನಲ್ಲಿರುವ ಜಾವಾ ಭಾಷೆಯ ಪ್ರೋಗ್ರಾಮು ನನ್ನ ಸುಪರ್ದಿಯಲ್ಲಿದೆ. ಶಾಲೆಯದಿರಲಿ, ದವಾಖಾನೆಯದಿರಲಿ, ಊರಿನ ಯಾವ ಮಾತಾದರೂ ಮೊದಲು ಅದರೊಳಗೆ ಬರಬೇಕು. ಅದು ಆ ಮಾತಿಗೆ ಆಚೆ ದಂಡೆಯ ಕಂಪ್ಯೂಟರುಗಳಲ್ಲಿ ಸಂದೇಶ ಓದುವ ವೆಬ್ ಸರ್ವೀಸುಗಳು ಒಪ್ಪುವ ರೂಪ ಕೊಟ್ಟು ತಂತಿಗೆ ಬಿಡುತ್ತದೆ. ಬಿಡುವ ಮೊದಲು ಹಿಂಡುತ್ತದೆ. ಒಗೆದ ಸೀರೆಯನ್ನು ಹಿಂಡಿದ ಹಾಗೆ ಎಂದು ಊರವರು ತಿಳಿದಿದ್ದಾರೆ. ನಿಜದಲ್ಲಿ ಅಲ್ಲಿ ನಡೆಯುವುದು ಇಷ್ಟೇ. ಒಂದೇ ಮಾತು ಒಂದು ಸಂದೇಶದಲ್ಲಿ ಹತ್ತಾರು ಸಲ ಬಂದರೆ ಅದನ್ನು ಒಂದು ಸಲ ಬರೆದು, ಉಳಿದ ಕಡೆಗೆಲ್ಲ 'ಮೇಲಿನದೇ' ಎಂದು ಗುರುತು ಹಾಕುವುದು. ಶಾಲೆಯ ಅಂಕಪಟ್ಟಿಯಲ್ಲಿ ಗಣಿತ, ವಿಜ್ಞಾನ, ಉತ್ತೀರ್ಣ ಎಂಬ ಪದಗಳೇ ಪುಟಗಟ್ಟಲೆ ಇರುತ್ತವೆ. ಹಿಂಡಿದರೆ ಮುಷ್ಟಿಯಷ್ಟಾಗುತ್ತದೆ. ಆದರೆ ಹಿಂಡಿದ್ದನ್ನು ಆಚೆಯವರು ಹಾಗೇ ಓದಲಾಗುವುದಿಲ್ಲ, ಬಿಡಿಸಿ ಓದಬೇಕು. ಅದಕ್ಕೆ ಪ್ರತಿ ಸಂದೇಶದ ಮುಂದೆ 'ಇದು ಹಿಂಡಿದ್ದು, ಬಿಡಿಸಿ ಓದಿ' ಎಂದು ಹೇಳುವ ಒಂದು ಸಾಲು ಇರುತ್ತದೆ. ನಮ್ಮ ಕಸುಬಿನವರು ಅದನ್ನು ಹೆಡರ್ ಅನ್ನುತ್ತೇವೆ, ಊರವರು ಚೀಟಿ ಅನ್ನುತ್ತಾರೆ. ನಾನು ದೊಡ್ಡ ಸಂದೇಶಗಳನ್ನು ಮಾತ್ರ ಹಿಂಡಿ, ಚೀಟಿ ಹಚ್ಚಿ ಕಳಿಸುತ್ತಿದ್ದೆ; ಸಣ್ಣವು ಇದ್ದ ಹಾಗೇ ಹೋಗುತ್ತಿದ್ದವು. ತಂತಿ ಚೌಕದ ಮೇಲೆ ತನ್ನ ಪಾಡಿಗೆ ತಾನಿತ್ತು.

ತಂತಿಯನ್ನು ನೋಡಿಕೊಳ್ಳುವವನು ತಿರಕಪ್ಪ ಕಾಕಾ. ಕಚೇರಿಯ ಗೋಡೆಗೆ ಹೊಂದಿ ಕಬ್ಬಿಣದ ದೊಡ್ಡ ಗಾಲಿಯೊಂದಿದೆ, ತಂತಿಯ ತುದಿ ಅದಕ್ಕೆ ಸುತ್ತಿದೆ. ಮಾತು ಹೊರಟು ತಂತಿ ಇಳಿಯತೊಡಗಿದರೆ ಕಾಕಾ ಹಿಡಿಕೆ ತಿರುವಿ ಬಿಗಿ ಮಾಡುತ್ತಾನೆ, ಮಾತು ಆಚೆ ಮುಟ್ಟಿದ ಮೇಲೆ ಸಡಿಲ ಬಿಡುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಈ ಗಾಲಿ ಮತ್ತು ಅದರ ಹಿಂದಿನ ಸರಕಾರಿ ಖೋಲಿ ಬಿಟ್ಟರೆ ಬೇರೆ ಸಂಸಾರವಿಲ್ಲ. ಮಾತು ಕಡಿಮೆ. ಎಲೆಯಡಿಕೆ ಜಾಸ್ತಿ. ತನ್ನ ಕೈಯಲ್ಲಿ ಒಂದು ಮಾತೂ ನೀರಿಗೆ ಬಿದ್ದಿಲ್ಲ ಎಂಬುದೊಂದೇ ಅವನು ಬಿಚ್ಚಿ ಹೇಳಿಕೊಳ್ಳುತ್ತಿದ್ದ ಜಂಬ.

ಇಂಥ ನೆಮ್ಮದಿ ಬಳಿಗಾರ ಸಾಹೇಬರ ಕಣ್ಣಿಗೆ ಬಿತ್ತು. ಅವರು ತಂತಿ ಸಮಿತಿಯ ಅಧ್ಯಕ್ಷರು. ಹಿಂಡುವುದರಿಂದ ತಂತಿ ಮೇಲೇರಿದೆ ಎಂದು ಯಾರೋ ಅವರಿಗೆ ಹೇಳಿದರು. ಸರಿ, ಮರುದಿನವೇ ಸಮಿತಿಯವರನ್ನೆಲ್ಲ ಕರೆದುಕೊಂಡು ಕಚೇರಿಗೆ ಬಂದು ನನ್ನ ಮೇಜಿನ ಸುತ್ತ ನಿಂತರು. ಇನ್ನು ಮುಂದೆ ಹೊರಗೆ ಹೋಗುವ ಪ್ರತಿಯೊಂದು ಮಾತನ್ನೂ ಹಿಂಡಿಯೇ ಕಳಿಸಬೇಕು, ಒಂದಕ್ಷರದ್ದಾದರೂ ಸರಿ, ಎಂದು ಅಪ್ಪಣೆಯಾಯಿತು.

"ಸಾಹೇಬ್ರ, ಗಾದಿ ಸುತ್ತಿ ಹಗ್ಗ ಬಿಗಿದ್ರ ಗಾದಿ ಸಣ್ಣದಾಗ್ತೈತಿ," ಎಂದೆ. "ಅದ ಹಗ್ಗದಾಗ ಒಂದು ಕರ್ಚೀಪು ಕಟ್ಟಿದ್ರ? ಕರ್ಚೀಪಿಗಿಂತ ಹಗ್ಗದ ಭಾರನ ಜಾಸ್ತಿ. ಸಣ್ಣ ಮಾತಿನ್ಯಾಗ ಹಿಂಡಾಕ ಏನೂ ಇರೂದಿಲ್ರಿ. ಕಟ್ಟಿದ ಹಗ್ಗ ಅಷ್ಟ ಮ್ಯಾಲೆ ಬೀಳ್ತೈತಿ."

"ಹಿಂಡಿದ್ರ ದೊಡ್ಡವು ಹಗರ ಆಗ್ತಾವೋ ಇಲ್ಲೋ?"

"ಆಗ್ತಾವ್ರಿ."

"ಹಂಗಾದ್ರ ಸಣ್ಣವು ಇನ್ನಷ್ಟು ಹಗರ ಆಗ್ಬೇಕಲ್ಲ!" ಎಂದು ಸಾಹೇಬರು ಸಮಿತಿಯತ್ತ ತಿರುಗಿದರು. ಸಮಿತಿ ತಲೆಯಾಡಿಸಿತು. ಆ ಸಮಿತಿಗೆ ತಲೆ ಇರುವುದೇ ಆಡಿಸುವುದಕ್ಕೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸಾಹೇಬರು ಬಗ್ಗಿ ಪರದೆ ನೋಡಿ, ಚೀಟಿಯ ಸಾಲಿನ ಮೇಲೆ ಬೆರಳಿಟ್ಟರು. "ಮತ್ತ ಇದು ಯಾಕ? ಪ್ರತಿ ಸಲ ಇದನ್ನೂ ಹೊತ್ತು ಹೋಗಬೇಕಲ್ಲ ತಂತಿ? ನಾವು ಹಿಂಡ್ತೀವಿ ಅಂತ ಇಡೀ ಊರಿಗೇ ಗೊತ್ತೈತಿ."

"ಊರಿಗೆ ಗೊತ್ತೈತ್ರಿ. ಆಚಿ ದಂಡಿಯವ್ರಿಗೆ?"

"ಹಿಂಡಲಾರದ ಮಾತು ಕಳಸೋವ್ರು ಜಗತ್ತಿನ್ಯಾಗ ಯಾರರೆ ಇರ್ತಾರೇನವ್ವಾ?" ಎಂದು ಸಾಹೇಬರು ನಕ್ಕರು. ಸಮಿತಿಯೂ ನಕ್ಕಿತು. ನನಗೆ ಸಿಟ್ಟು ಬಂದದ್ದು ಅವರ ದಡ್ಡತನಕ್ಕಲ್ಲ. ಅವರು ಅದನ್ನು ಮನಸಾರೆ ನಂಬಿದ್ದರು. ನಮ್ಮೂರಿನ ಮಂದಿ ಹುಟ್ಟಿದಾಗಿನಿಂದ ಮಾತಿನ ಭಾರ ಹೊತ್ತು ಹೊತ್ತು, ಆಚೆ ದಂಡೆಯಲ್ಲೂ ಜನ ಹೀಗೇ ಬಾಯಿ ಕಟ್ಟಿಕೊಂಡು ಬದುಕುತ್ತಾರೆ ಎಂದೇ ತಿಳಿದಿದ್ದಾರೆ. ಅಲ್ಲಿ ಮಾತಿಗೆ ತೂಕವೇ ಇಲ್ಲ, ಹಾಗಾಗಿ ಹಿಂಡುವ ರೂಢಿಯೂ ಇಲ್ಲ, ಹೇಳದಿದ್ದರೆ ಅವರಿಗೆ ತಿಳಿಯುವುದೂ ಇಲ್ಲ ಎಂದು ನಾನು ಕೂಗಿ ಹೇಳಿದೆ. ಕೇಳಿದವರು ಯಾರು? ಲಿಖಿತ ಆದೇಶ ಮೇಜಿಗೆ ಬಂತು. ಚೀಟಿಯ ಸಾಲನ್ನು ಅವರ ಕಣ್ಣೆದುರೇ ಅಳಿಸಬೇಕಾಯಿತು. ನಾನು ಹಿಂದಿನಿಂದ ಮತ್ತೆ ಸೇರಿಸಿಯೇನು ಎಂಬ ಗುಮಾನಿಯಿಂದ ಪ್ರೋಗ್ರಾಮಿಗೆ ಒಂದು ಪಾಸ್‌ವರ್ಡ್ ಹಾಕಿಸಿ, ಅದನ್ನು ಸಾಹೇಬರು ತಮ್ಮ ತಲೆಯಲ್ಲೇ ಇಟ್ಟುಕೊಂಡು ಹೋದರು.

ಆಮೇಲೆ ಆಗಬೇಕಾದದ್ದೇ ಆಯಿತು. ನಮ್ಮೂರಿನಿಂದ ಹೋಗುವ ಮಾತುಗಳಲ್ಲಿ ಬಹುಪಾಲು ಸಣ್ಣವು: ಅರಾಮ, ಬರ್ತೀನಿ, ಹೆಣ್ಣು ಹುಟ್ಟೇತಿ, ಎರಡು ಬಾಟ್ಲಿ ಕಳಸ್ರಿ. ಒಂದೊಂದೂ ಹಗ್ಗ ಬಿಗಿಸಿಕೊಂಡು ತನಗಿಂತ ದಪ್ಪಗಾಗಿ ಹೊರಟಿತು. ತಂತಿ ಹಿಂದೆಂದೂ ಇಳಿಯದಷ್ಟು ಇಳಿಯಿತು. ಚೌಕದಲ್ಲಿ ಕೊಡ ಹೊತ್ತ ಹೆಂಗಸರು ಬಗ್ಗಿ ನಡೆಯತೊಡಗಿದರು. ಅಷ್ಟು ಕಷ್ಟಪಟ್ಟು ಆಚೆ ಮುಟ್ಟಿದ್ದಾದರೂ ಏನು? ಚೀಟಿಯಿಲ್ಲದ ಗಂಟು. ಅವರು ಅದನ್ನು ಬಿಚ್ಚುವ ಗೋಜಿಗೇ ಹೋಗದೆ, ಗಂಟನ್ನೇ ಓದಲು ನೋಡಿ, 'ನಿಮ್ಮ ಸಂದೇಶದ ಮೊದಲ ಅಕ್ಷರವೇ ನಮಗೆ ಅರ್ಥವಾಗುತ್ತಿಲ್ಲ, ದಯವಿಟ್ಟು ಸರಿಯಾದ ರೂಪದಲ್ಲಿ ಕಳುಹಿಸಿ' ಎಂದು ಎರಡೆರಡು ಪುಟದ ಉತ್ತರ ಕಳಿಸಿದರು. ಲಾಂಛನ ಸಮೇತ, ಶುಭಾಶಯ ಸಮೇತ.

ಈ ಉತ್ತರಗಳ ಕಟ್ಟನ್ನು ಒಯ್ದು ಸಾಹೇಬರ ಮುಂದಿಟ್ಟೆ. ಅವರು ಕಿಟಕಿಯಿಂದ ತಂತಿಯನ್ನು ನೋಡಿದರು. ಉತ್ತರಗಳನ್ನು ನೋಡಿದರು. ಮತ್ತೆ ತಂತಿಯನ್ನು ನೋಡಿದರು. "ತಂತಿ ನೀರು ಮುಟ್ಟಾಕತ್ತೇತಿ," ಎಂದು ತೀರ್ಪು ಕೊಟ್ಟರು. "ಮಾತು ತೊಯ್ದು ಕೆಟ್ಟು ಹೋಗಾಕತ್ತಾವು. ತಿರಕಪ್ಪ ಗಾಲಿ ತಿರುವೂದು ಬಿಟ್ಟಾನ." ತಂತಿ ನೀರಿನಿಂದ ಇನ್ನೂ ಮೊಳ ಮೇಲೆಯೇ ಇದೆ, ಹೊಳೆಗೆ ಹೋಗಿ ಕಣ್ಣಾರೆ ನೋಡಿ ಬನ್ನಿ ಎಂದೆ. ಹೊಳೆಯವರೆಗೆ ನಡೆಯಲು ಸಾಹೇಬರಿಗೆ ಮೊಣಕಾಲು ನೋವು. ಒಬ್ಬ ಮನುಷ್ಯನ ಹೆಸರು ಕೆಡಿಸಲು ಮಾತ್ರ ಯಾವ ನೋವೂ ಅಡ್ಡ ಬರಲಿಲ್ಲ.

ಊರಿಗೆ ಒಂದು ಹೆಸರು ಸಿಕ್ಕರೆ ಸಾಕು. ಬಾಳೆಹಣ್ಣಿನವರು ಗಾಲಿಯ ಮುಂದೆ ಹಾದು ಹೋಗುವಾಗಲೆಲ್ಲ "ಏನ್ ತಿರಕಪ್ಪಾ, ಉಂಡಿಲ್ಲೇನು ಇವತ್ತು?" ಎನ್ನುತ್ತಿದ್ದರು. ಕೊಡ ಹೊತ್ತ ಹೆಂಗಸರು ಬಗ್ಗುವಾಗ ಅವನಿಗೇ ಶಾಪ ಹಾಕುತ್ತಿದ್ದರು. ಮಗಳ ಉತ್ತರ ಬಾರದ ತಾಯಂದಿರು ಬಂದು ಅವನ ಮುಂದೆಯೇ ಅಳುತ್ತಿದ್ದರು. ಕಾಕಾ ಒಬ್ಬರಿಗೂ ಎದುರಾಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹಿಡಿಕೆ ಬಿಡದೆ ತಿರುವಿದ. ಅಂಗೈಗಳು ಬೊಬ್ಬೆಯೆದ್ದು ಒಡೆದವು. ಮುಲಾಮು ಕೇಳಲು ದವಾಖಾನೆಗೆ ಹೋದರೆ ಎಸ್ತೇರಮ್ಮ ಸಿಸ್ಟರ್ ಖಾಲಿ ಕಪಾಟು ತೆರೆದು ತೋರಿಸಿದರು. ಮುಲಾಮು ಕಳಿಸಿ ಎಂದು ಅವರು ಆಚೆಗೆ ಬರೆದದ್ದೂ ಅರ್ಥವಾಗದೆ ವಾಪಸು ಬಂದಿತ್ತು. ಅವರು ಹಳೆಯ ಸೀರೆಯ ಅಂಚು ಹರಿದು ಅವನ ಕೈಗೆ ಸುತ್ತಿ ಕಳಿಸಿದರು.

ಆ ಪಟ್ಟಿಯ ಕೈಯಲ್ಲೇ ಕಾಕಾ ನನ್ನ ಮೇಜಿನ ಹತ್ತಿರ ಬಂದು ನಿಂತ. "ನೀಲವ್ವಾ, ಎಷ್ಟು ತಿರುವಿದ್ರೂ ಇಳೀಲಿಕ್ಕತ್ತೇತಿ. ನನ್ನ ಕೈಯಾಗ ಕಸುವು ಉಳಿದಿಲ್ಲ ಕಾಣ್ತೈತಿ."

"ಕಾಕಾ, ನಿನ್ನ ಕೈಯಾಗ ಏನೂ ಆಗಿಲ್ಲ. ಭಾರ ಹೆಚ್ಚಾಗೇತಿ. ಹೆಚ್ಚು ಮಾಡಿದವ್ರು ಅವ್ರು."

"ಹಿಂಡಿದ್ರ ಭಾರ ಹೆಂಗ ಹೆಚ್ಚಾಗ್ತೈತವಾ?" ಎಂದು ಕಾಕಾ ನನ್ನನ್ನೇ ಕರುಣೆಯಿಂದ ನೋಡಿದ. ನಾನು ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಗಾದಿ, ಹಗ್ಗ, ಕರ್ಚೀಪು, ಎಲ್ಲವನ್ನೂ ಮತ್ತೆ ಹೇಳಿದೆ. ಅವನು ಹೂಂಗುಟ್ಟುತ್ತ ಕೇಳಿ, ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಹೊರಗೆ ಹೋದ. ಕೆಲಸ ಕಸಿಯುವುದು ಒಂದು ಪಾಪ. ಮೈಮುರಿದು ದುಡಿದವನಿಗೆ ತನ್ನ ಕೈಯ ಮೇಲೇ ಅನುಮಾನ ಬರುವ ಹಾಗೆ ಮಾಡುವುದು ಅದಕ್ಕಿಂತ ದೊಡ್ಡ ಪಾಪ. ಇವರಿಗೆ ಎರಡೂ ಬೇಕಿತ್ತು.

ಬೇಕಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಚೌಕದಲ್ಲಿ ಸಭೆ ಕರೆದರು. ತಂತಿಯ ಕೆಳಗೆ ಕುರ್ಚಿ ಹಾಕಿಸಿ ಸಮಿತಿ ಕೂತಿತು. ಊರೆಲ್ಲ ಸುತ್ತ ನಿಂತಿತು. ಕಾಕಾನನ್ನು ನಡುವೆ ನಿಲ್ಲಿಸಿದರು. ಬಳಿಗಾರ ಸಾಹೇಬರು ಎದ್ದು, ಊರಿನ ತಾಯಂದಿರ ಕಣ್ಣೀರಿಗೆ, ದವಾಖಾನೆಯ ಖಾಲಿ ಕಪಾಟಿಗೆ, ಎಲ್ಲದಕ್ಕೂ ಈ ಒಬ್ಬನ ಮೈಗಳ್ಳತನವೇ ಕಾರಣ ಎಂದು ಚೌಕದ ಕೊನೆಯ ಅಂಗಡಿಗೂ ಕೇಳುವಷ್ಟು ಜೋರಾಗಿ ಹೇಳಿದರು. ಅವನ ನೌಕರಿ ತೆಗೆಯಬೇಕು, ಖೋಲಿ ಬಿಡಿಸಬೇಕು ಎಂದು ಠರಾವಾಯಿತು. ನಾನು ಕಚೇರಿಯ ಕಿಟಕಿಯಿಂದ "ಸುಳ್ಳ! ಅವನ ತಪ್ಪಲ್ಲದು!" ಎಂದು ಕೂಗಿದೆ. "ನಿನ್ನ ಕೆಲಸ ನೀ ನೋಡವ್ವಾ," ಎಂದರು ಸಾಹೇಬರು. ಆಮೇಲೆ ಕಾಕಾನ ಕಡೆ ತಿರುಗಿ, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವನು ತಲೆ ತಗ್ಗಿಸಿ, "ಏನ್ ಹೇಳ್ಲಿರಿ ಸಾಹೇಬ್ರ. ವಯಸ್ಸಾತು, ಕೈ ಸೋತಾವು," ಎಂದ. ನನಗೆ ಅಳು ಬಂತು. ಸಿಟ್ಟಿನ ಅಳು.

ಆದರೆ ತಂತಿಯವನ ನೇಮಕ ಮಾಡುವುದು ಆಚೆ ದಂಡೆಯ ದೊಡ್ಡ ಕಚೇರಿ, ತೆಗೆಯಬೇಕಾದವರೂ ಅವರೇ. ಸಾಹೇಬರು ಅಲ್ಲೇ ಕೂತು ಪತ್ರ ಬರೆಸಿದರು: 'ತಿರಕಪ್ಪನ ನಿರ್ಲಕ್ಷ್ಯದಿಂದಾಗಿ ಈ ಊರಿನ ಯಾವ ಸಂದೇಶವೂ ತಮ್ಮನ್ನು ತಲುಪುತ್ತಿಲ್ಲ. ಆತನನ್ನು ಕೂಡಲೇ ವಜಾ ಮಾಡತಕ್ಕದ್ದು.' ಕಳಿಸಲು ನನ್ನ ಕೈಗೆ ಕೊಟ್ಟರು. ಸಮಿತಿಯ ನಿಯಮದ ಪ್ರಕಾರವೇ ಕಳಿಸಿದೆ, ಹಿಂಡಿ, ಚೀಟಿಯಿಲ್ಲದೆ. ತಂತಿ ಸಮಿತಿಯವರ ತಲೆಯ ಮೇಲೆ ಜೋಲಿತು. ಉತ್ತರ ಬಂತು: ನಿಮ್ಮ ಸಂದೇಶದ ಮೊದಲ ಅಕ್ಷರವೇ ನಮಗೆ ಅರ್ಥವಾಗುತ್ತಿಲ್ಲ. ಇನ್ನೊಮ್ಮೆ ಕಳಿಸು ಎಂದರು. ಕಳಿಸಿದೆ. ಅದೇ ಉತ್ತರ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಸಾಹೇಬರು ಎದ್ದು ಕಚೇರಿಯೊಳಗೆ ಬಂದರು. ಬಾಗಿಲು ಮುಂದೆ ಮಾಡಿದರು. ನನ್ನ ಕಿವಿಯ ಹತ್ತಿರ ಬಗ್ಗಿ, ಚೌಕದಲ್ಲಿ ಗುಡುಗಿದ ಅದೇ ಬಾಯಿಂದ ಪಿಸುಗುಟ್ಟಿದರು: "ಇದೊಂದಕ್ಕ ಆ ಚೀಟಿ ಹಚ್ಚು."

ಹಾಗಾದರೆ ಇವರಿಗೆ ಗೊತ್ತಿತ್ತು! ನಾನು ಹೇಳಿದ್ದೆಲ್ಲ ಇವರ ಕಿವಿಗೆ ಬಿದ್ದಿತ್ತು, ತಲೆಗೂ ಹೋಗಿತ್ತು. ಎಸ್ತೇರಮ್ಮನ ಮುಲಾಮಿಗೆ ಚೀಟಿ ಭಾರವಾಯಿತು. ಮಗಳ ಸುದ್ದಿಗೆ ಕಾದ ತಾಯಂದಿರಿಗೆ ಭಾರವಾಯಿತು. ಒಬ್ಬ ಬಡಪಾಯಿಯನ್ನು ಮನೆಯಿಂದ ಹೊರಹಾಕುವ ಪತ್ರಕ್ಕೆ ಮಾತ್ರ ಭಾರವಾಗಲಿಲ್ಲ. "ಗೊತ್ತಿದ್ದೂ ಅವನ್ನ ಅಲ್ಲಿ ನಿಲ್ಲಿಸಿದ್ರೇನ್ರೀ?" ಎಂದೆ. "ಸಮಿತಿ ತಪ್ಪು ಮಾಡೇತಿ ಅಂತ ಮಂದಿ ಮುಂದ ಹೇಳಾಕ ಬರ್ತೈತೇನವ್ವಾ? ಊರು ನಡೀಬೇಕಲ್ಲ," ಎಂದು ಸಾಹೇಬರು ತಾವೇ ಪಾಸ್‌ವರ್ಡ್ ಒತ್ತಿದರು. ನಾನು ಬೇಡವೆನ್ನಲಿಲ್ಲ. ಆ ಪತ್ರದಲ್ಲಿ ಏನು ಬರೆದಿದೆ ಎಂದು ಅವರಿಗಿಂತ ಚೆನ್ನಾಗಿ ನನಗೆ ಅರ್ಥವಾಗಿತ್ತು. ಚೀಟಿಯ ಸಾಲು ಸೇರಿಸಿ ಕಳಿಸಿದೆ.

ಉತ್ತರ ಬಂದೊಡನೆ ಅವರ ಕೈಗೆ ಕೊಡದೆ ಕಿಟಕಿಗೆ ಓಡಿದೆ. ಇಡೀ ಚೌಕಕ್ಕೆ ಕೇಳುವ ಹಾಗೆ ಓದಿದೆ: 'ಮಾನ್ಯರೇ, ತಮ್ಮ ಪತ್ರ ಒಂದಕ್ಷರವೂ ಕೆಡದೆ ಸ್ಪಷ್ಟವಾಗಿ ತಲುಪಿದೆ. ತಮ್ಮ ಯಾವ ಸಂದೇಶವೂ ತಲುಪುತ್ತಿಲ್ಲ ಎಂದು ಅದರಲ್ಲಿ ದೂರಿದ್ದೀರಿ. ನಮಗೆ ಅರ್ಥವಾಗಲಿಲ್ಲ. ಪತ್ರ ತಲುಪಿದ್ದು ನಿಜವೋ, ದೂರು ನಿಜವೋ, ದಯವಿಟ್ಟು ತಿಳಿಸಿ. ಶುಭಾಶಯಗಳೊಂದಿಗೆ.'

ಮೊದಲು ನಕ್ಕವರು ಬಾಳೆಹಣ್ಣಿನವರು. ಆಮೇಲೆ ಊರೇ ನಕ್ಕಿತು. ಸಾಹೇಬರು ಸೋಲಲಿಲ್ಲ. ಬಾಗಿಲಿಗೆ ಬಂದು ನಿಂತು, "ನೋಡಿದ್ರ್ಯಾ? ಚೂರು ಬೆದರಿಸಿದ ಕೂಡ್ಲೇ ತಂತಿ ಹೆಂಗ ನೆಟ್ಟಗಾತು!" ಎಂದರು.

ಎಸ್ತೇರಮ್ಮ ಸಿಸ್ಟರ್ ಮುಂದೆ ಬಂದರು. "ಮುಂಜಾನಿಂದ ತಿರಕಪ್ಪ ನಿಮ್ಮ ಮುಂದನ ನಿಂತಾನಲ್ರೀ ಸಾಹೇಬ್ರ. ಗಾಲಿ ಮುಟ್ಟಿದವ್ರು ಯಾರು?"

ನಗು ನಿಂತಿತು. ಎಲ್ಲರೂ ಗಾಲಿಯತ್ತ ನೋಡಿದರು. ಅಲ್ಲಿ ಯಾರೂ ಇರಲಿಲ್ಲ, ಬೆಳಗಿನಿಂದಲೂ ಇರಲಿಲ್ಲ. ನಾನು ಕಿಟಕಿಯಿಂದಲೇ ಎಲ್ಲವನ್ನೂ ಹೇಳಿದೆ: ಅಳಿಸಿದ ಚೀಟಿ, ದಪ್ಪಗಾದ ಸಣ್ಣ ಮಾತುಗಳು, ಈಗಷ್ಟೇ ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದು. ಈ ಸಲ ಕೇಳಿದರು. ಹೆಂಗಸರು ಕೊಡ ಕೆಳಗಿಟ್ಟು ಕೇಳಿದರು.

ಕಾಕಾ ಮಾತ್ರ ನಕ್ಕಿರಲಿಲ್ಲ. ಅವನು ತಲೆಯೆತ್ತಿ ಕೇಳಿದ: "ಹಂಗಾದ್ರ ನನ್ನ ಕೈ ಛಲೋ ಅದಾವೇನವಾ ನೀಲಾ?"

"ಛಲೋ ಅದಾವು ಕಾಕಾ. ಆಗೂ ಛಲೋ ಇದ್ದವು, ಈಗೂ ಛಲೋ ಅದಾವು."

"ಇರ್ಲಿ ಬಿಡು ತಿರಕಪ್ಪಾ, ಆದದ್ದಾತು," ಎಂದರು ಸಾಹೇಬರು, ಎಮ್ಮೆ ಬೇಲಿ ಮುರಿದದ್ದಕ್ಕೆ ಸಮಾಧಾನ ಹೇಳುವವರ ಹಾಗೆ. "ಹೋಗು, ನಿನ್ನ ಕೆಲಸಕ್ಕ ಹೋಗು."

"ಹೋಗ್ತೀನ್ರಿ," ಎಂದ ಕಾಕಾ. ಹೋಗಲಿಲ್ಲ. "ಮೈಗಳ್ಳ ಅಂತ ಊರ ಮುಂದ ಅಂದ್ರಿ. ದೊಡ್ಡ ಕಚೇರಿಗೂ ಬರದ್ರಿ. ನೀವಂದಿದ್ದು ಖರೇ ಇರಬೇಕು ಅಂತ ನಾನೂ ನಂಬಿದ್ನಲ್ರಿ. ಈಗ ಆದದ್ದಾತು ಅಂದ್ರ ಹೆಂಗ? ತಿರಿಗಿ ಬರೀರಿ. ಆ ಕಚೇರಿಗೇ ಬರೀರಿ. ಪೂರಾ ಬರೀರಿ, ಹಿಂಡಬ್ಯಾಡ್ರಿ."

"ಹಿಂಡಲಾರದ? ತಂತಿ ತಡೀತೈತೇನೋ ಹುಚ್ಚಾ?"

ಕಾಕಾ ಗಾಲಿಯ ಹತ್ತಿರ ನಡೆದ. ಎರಡೂ ಕೈಯ ಪಟ್ಟಿ ಬಿಚ್ಚಿ ಎಸೆದು ಹಿಡಿಕೆ ಹಿಡಿದ. ಊರು ಸಾಹೇಬರ ಮುಖವನ್ನೇ ನೋಡುತ್ತ ನಿಂತಿತು. ಸಮಿತಿಯವರು ಮೆಲ್ಲಗೆ ಕುರ್ಚಿ ಬಿಟ್ಟು ಮಂದಿಯೊಳಗೆ ಸೇರಿಕೊಂಡರು. ಸಾಹೇಬರು ಬೇರೆ ದಾರಿ ಕಾಣದೆ ನನ್ನ ಮೇಜಿನ ಹತ್ತಿರ ಬಂದರು. ಅವರು ಒತ್ತಿದ ಪಾಸ್‌ವರ್ಡ್ ಪ್ರೋಗ್ರಾಮನ್ನು ಇನ್ನೂ ತೆರೆದೇ ಇಟ್ಟಿತ್ತು. ನಾನು ಹಿಂಡುವುದನ್ನು ನಿಲ್ಲಿಸಿ, ಅವರು ಹೇಳಿದ್ದನ್ನು ಹೇಳಿದಂತೆಯೇ ವಾಕ್ಯ ವಾಕ್ಯವಾಗಿ ತಂತಿಗೆ ಬಿಟ್ಟೆ. 'ಮಾನ್ಯರೇ, ತಂತಿ ನೋಡಿಕೊಳ್ಳುವ ತಿರಕಪ್ಪನವರ ಮೇಲೆ ನಾವು ಮಾಡಿದ ದೂರು ಸಂಪೂರ್ಣ ಸುಳ್ಳು. ಅವರು ತಮ್ಮ ಕೆಲಸದಲ್ಲಿ ಒಂದು ದಿನವೂ ತಪ್ಪಿದವರಲ್ಲ.' ತಂತಿ ಚೌಕದ ಮೇಲೆ ಜೋಲಿ, ಹೊಳೆಯ ಕಡೆಗೆ ಇಳಿಯತೊಡಗಿತು. ಗಾಲಿ ಕಿರ್ರೆಂದಿತು. ಕಾಕಾನ ಕತ್ತಿನ ನರಗಳು ಉಬ್ಬಿದವು, ಹಿಡಿಕೆ ಒಂದು ಸುತ್ತು ತಿರುಗಿತು. ಹೊಳೆಯ ದಂಡೆಗೆ ಓಡಿದ ಹೆಂಗಸರು ಅಲ್ಲಿಂದ "ಮುಟ್ಟಿಲ್ಲ! ಮುಟ್ಟಿಲ್ಲ!" ಎಂದು ಕೂಗಿದರು.

ಸಾಹೇಬರು ಹಣೆಯ ಬೆವರು ಒರೆಸಿಕೊಂಡು, "ಸಾಕಲ್ಲೋ ತಿರಕಪ್ಪಾ?" ಎಂದು ಕಿಟಕಿಯಿಂದ ಕೇಳಿದರು.

"ಸಾಲೂದಿಲ್ರಿ," ಎಂದ ಕಾಕಾ, ಹಿಡಿಕೆಯಿಂದ ಕಣ್ಣೆತ್ತದೆ. "ತಪ್ಪು ಯಾರದು ಅಂತನೂ ಬರೀರಿ. ಭಾರದ ಚಿಂತಿ ಬಿಡ್ರಿ ಸಾಹೇಬ್ರ, ನಾ ಹಿಡದೀನಿ."